ಗ್ರಾಫ್‌ನ ಅಂಕಿಗಳನ್ನು ಇಂಗ್ಲಿಷಿನಲ್ಲಿ ಹೋಲಿಸಿ ಬರೆಯುವುದು ಹೇಗೆ?

ವಿದೇಶದಲ್ಲಿ ಓದಬಯಸುವವರ ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯ ಬರವಣಿಗೆ ವಿಭಾಗದಲ್ಲಿ, ಗ್ರಾಫ್‌ನಂಥ ಚಿತ್ರವನ್ನು ವಿವರಿಸಲು ಹೇಳುವ ಮೊದಲ ಪ್ರಶ್ನೆಗೆ ಸುಮಾರು 20 ನಿಮಿಷಗಳಲ್ಲಿ ಕನಿಷ್ಠ 150 ಪದಗಳ ಉತ್ತರ ಬರೆಯಬೇಕು. ನಾನು ತಿದ್ದಿದ ಅಭ್ಯಾಸದ ಉತ್ತರಗಳಲ್ಲಿ ಬಹುಪಾಲು ಸೊರಗಿದ್ದು ಇಂಗ್ಲಿಷ್ ಬಾರದ್ದರಿಂದಲ್ಲ. ಅಂಕಿಗಳನ್ನು ಹೋಲಿಸದೆ ಒಂದರ ಕೆಳಗೊಂದು ಪಟ್ಟಿ ಮಾಡಿದ್ದರಿಂದ.

ಮೊದಲು ಶೀರ್ಷಿಕೆ, ಮಾನ, ವರ್ಷ ಇವನ್ನು ಓದಿಕೊಳ್ಳಿ. ಕಳೆದ ವರ್ಷಗಳ ಮಾಹಿತಿಯಾದರೆ ಭೂತಕಾಲವನ್ನೇ ಬಳಸಿ.

ಎರಡನೆಯದಾಗಿ, ಕಣ್ಣಿಗೆ ಹೊಡೆದು ಕಾಣುವ ಒಂದೆರಡು ಮುಖ್ಯ ಸಂಗತಿಗಳನ್ನು ಅಂಕಿಗಳಿಲ್ಲದೆ ಹೇಳುವ ಓವರ್‌ವ್ಯೂ ಬರೆಯಿರಿ. ಇದನ್ನು ಪೀಠಿಕೆಯ ಬೆನ್ನಿಗೇ ಬರೆಯಬೇಕು; ಕೊನೆಗೆಂದು ಉಳಿಸಿಕೊಂಡವರು ಸಮಯ ಸಾಲದೆ ಬಿಟ್ಟುಬಿಡುವುದನ್ನು ಬಹಳ ಸಲ ಕಂಡಿದ್ದೇನೆ.

ಮೂರನೆಯ ಹಂತವಾದ ಹೋಲಿಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ‘ನಗರದ ಜನಸಂಖ್ಯೆ ಹಳ್ಳಿಗಿಂತ ಹೆಚ್ಚು’ ಎಂದರೆ ಕನ್ನಡದಲ್ಲಿ ಅರ್ಥ ಕೆಡುವುದಿಲ್ಲ. ಆದರೆ ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ದ್ಯಾನ್ ದ ವಿಲೇಜ್’ ಎಂದು ಬರೆದರೆ ಜನಸಂಖ್ಯೆಯನ್ನು ಹಳ್ಳಿಯೊಂದಿಗೇ ಹೋಲಿಸಿದಂತಾಗುತ್ತದೆ. ಅಲ್ಲಿ ‘ದ್ಯಾನ್ ದಟ್ ಆಫ್ ದ ವಿಲೇಜ್’ ಎಂದಿರಬೇಕು. ಎಣಿಸಬಹುದಾದವಕ್ಕೆ ‘ಫ್ಯೂಯರ್’, ಎಣಿಸಲಾಗದವಕ್ಕೆ ‘ಲೆಸ್’ ಬಳಸಿ. ಶೇ 20ರಷ್ಟಿದ್ದ ಪಾಲು ಶೇ 30ಕ್ಕೆ ಏರಿದಾಗ ‘ಇಟ್ ರೋಸ್ ಬೈ ಟೆನ್ ಪರ್ಸೆಂಟ್’ ಎಂದು ಬರೆಯುವುದು ತಪ್ಪು, ಏಕೆಂದರೆ ಏರಿಕೆ 10 ಪರ್ಸೆಂಟೇಜ್ ಪಾಯಿಂಟ್‌ಗಳಷ್ಟಾಗಿದ್ದು, ಮೂಲ ಪಾಲಿಗೆ ಹೋಲಿಸಿದರೆ ಅದು ಶೇ 50ರ ಹೆಚ್ಚಳ. ‘ಬೈ’ ಎಷ್ಟು ಏರಿತೆಂಬುದನ್ನು ಹೇಳಿದರೆ ‘ಟು’ ಎಲ್ಲಿಗೆ ತಲುಪಿತೆಂಬುದನ್ನು ಹೇಳುತ್ತದೆ. ಈ ಎರಡು ಪುಟ್ಟ ಪದಗಳು ಅದಲುಬದಲಾದರೆ ಮಾಹಿತಿಯೇ ಸುಳ್ಳಾಗುತ್ತದೆ. ಎರಡು ಪಟ್ಟು ಎನ್ನಲು ‘ಟ್ವೈಸ್ ಆ್ಯಸ್ ಮೆನಿ ಆ್ಯಸ್’ ಅತ್ಯಂತ ಸುರಕ್ಷಿತ ರೂಪ. ವಿರುದ್ಧ ದಿಕ್ಕಿನಲ್ಲಿ ಸಾಗುವ ಎರಡು ಅಂಕಿಗಳನ್ನು ‘ವೈಲ್’ ಅಥವಾ ‘ವೇರ್‌ಆ್ಯಸ್’ ಬಳಸಿ ಒಂದೇ ವಾಕ್ಯದಲ್ಲಿ ಜೋಡಿಸಿ.

ಯಾವ ಗ್ರಾಫ್‌ಗಾದರೂ ಒಗ್ಗುತ್ತವೆಂದು ಮಾರುವ ಸಿದ್ಧ ವಾಕ್ಯಗಳ ಪುಸ್ತಕಗಳನ್ನು ಕೊಳ್ಳಬೇಡಿ. ಬಾಯಿಪಾಠದ ವಾಕ್ಯಗಳನ್ನು ಪರೀಕ್ಷಕರು ಸುಲಭವಾಗಿ ಗುರುತಿಸುತ್ತಾರೆ; ಅಲ್ಲದೆ ಅವು ಎದುರಿಗಿರುವ ಅಂಕಿಗಳಿಗೆ ಹೊಂದುವುದೂ ಅಪರೂಪ. ಏರಿಳಿತಕ್ಕೆ ಕಾರಣ ಊಹಿಸುವುದೂ ಬೇಡ, ಈ ಪ್ರಶ್ನೆ ನಿಮ್ಮ ಅಭಿಪ್ರಾಯವನ್ನು ಕೇಳುವುದಿಲ್ಲ.

ಕೊನೆಯ ಎರಡು ನಿಮಿಷಗಳಲ್ಲಿ, ಬರೆದ ಪ್ರತಿಯೊಂದು ಅಂಕಿಯ ಮೇಲೂ ಬೆರಳಿಟ್ಟು ಅದನ್ನು ಗ್ರಾಫ್‌ನೊಂದಿಗೆ ತಾಳೆ ನೋಡಿ.