ಹೆರಾತ್‌ನಲ್ಲಿ ಹೆಂಗಸರ ಮತಗಟ್ಟೆ ಸಜ್ಜು ಮಾಡಿದ್ದು

2005ರ ಸೆಪ್ಟೆಂಬರ್ 18ರಂದು ಅಫ್ಘಾನಿಸ್ತಾನದಲ್ಲಿ ಸಂಸತ್ ಚುನಾವಣೆ. ಹೆರಾತ್‌ನಲ್ಲಿ ಹೆಂಗಸರ ಮತಗಟ್ಟೆಗಳ ಸಿಬ್ಬಂದಿಗೆ ತರಬೇತಿ ಕೊಡುವ ಕೆಲಸ ನನ್ನದು. ಅಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಮತಗಟ್ಟೆ. ಮೈ ತಪಾಸಣೆಗೆ, ಬೆರಳಿಗೆ ಶಾಯಿ ಹಚ್ಚಲಿಕ್ಕೆ ಹೆಂಗಸರೇ ಬೇಕು. ಓದು ಬಲ್ಲವರೂ, ಮನೆಯವರು ಹೊರಗೆ ಬಿಡುವವರೂ ಸಿಗಬೇಕಲ್ಲ! ಶಾಲೆಗಳನ್ನು ಸುತ್ತಿ ಶಿಕ್ಷಕಿಯರ ಬೆನ್ನುಬಿದ್ದೆ. ಒಬ್ಬರು ಒಪ್ಪಿದರೆ ಅವರ ತಂಗಿಯನ್ನೋ ಸೊಸೆಯನ್ನೋ ಅದೇ ಕೇಂದ್ರಕ್ಕೆ ಹಾಕುತ್ತಿದ್ದೆ. ಜೊತೆಯಾಗಿ ಬಂದು ಹೋಗಬಹುದು ಅಂದರೆ ಮನೆಯವರ ತಕರಾರು ಅರ್ಧ ಇಳಿಯುತ್ತಿತ್ತು.

ಮೊದಲ ದಿನವೇ ಎಡವಿದೆ. ‘ನಿಮಗೆ ಈಗಷ್ಟೇ ಸಿಕ್ಕಿರುವ ಹಕ್ಕು’ ಎಂದು ಪಾಠ ಶುರುಮಾಡಿದ್ದೆ. ಮುಂದೆ ಕೂತಿದ್ದ ನಿವೃತ್ತ ಶಿಕ್ಷಕಿ ಕೈಯೆತ್ತಿದರು. ಎಲ್ಲರೂ ಅವರನ್ನು ‘ಮಾಲೇಮ್ ಸಾಹೇಬ್’ ಅನ್ನುತ್ತಿದ್ದರು. ಅಲ್ಲಿ ಮೇಷ್ಟ್ರಿಗೂ ಟೀಚರಮ್ಮನಿಗೂ ಅದೇ ಮಾತು. “ಮಗಳೇ, ಮತದ ಹಕ್ಕು 1964ರ ಸಂವಿಧಾನದಲ್ಲೇ ಬಂತು. ಮರುವರ್ಷ ನಾಲ್ವರು ಹೆಂಗಸರು ಗೆದ್ದರು. ಕಂದಹಾರದಿಂದಲೂ ಒಬ್ಬಳು, ಮಾಸೂಮಾ ಇಸ್ಮತಿ” ಅಂದರು. ಕುಬ್ರಾ ನೂರ್ಜಾಯಿ ಆರೋಗ್ಯ ಮಂತ್ರಿಯಾದದ್ದನ್ನೂ ಸೇರಿಸಿದರು. ಆ ಪಾಠವನ್ನು ಅವರಿಗೇ ಬಿಟ್ಟುಕೊಟ್ಟೆ.

ಅದರಿಂದ ಮೀಸಲಾತಿಯ ಪಾಠ ಸಲೀಸಾಯಿತು. 249 ಸ್ಥಾನಗಳಲ್ಲಿ 68 ಹೆಂಗಸರಿಗೆ ಅಂದಾಗ, ಕಡಿಮೆ ವೋಟು ಬಿದ್ದವರನ್ನು ಗೆಲ್ಲಿಸುವುದು ಯಾವ ನ್ಯಾಯ ಎಂದು ಹುಡುಗಿಯೊಬ್ಬಳು ಕೇಳಿದಳು. “1969ರಲ್ಲಿ ಮೀಸಲಾತಿ ಇರಲಿಲ್ಲ, ಒಬ್ಬಳೂ ಗೆಲ್ಲಲಿಲ್ಲ” ಎಂದು ಮಾಲೇಮ್ ಸಾಹೇಬ್ ಸುಮ್ಮನಾದರು.

ನಿಜವಾದ ತಲೆನೋವು ಬೇರೆ. ಮತದಾರರ ಕಾರ್ಡಿನಲ್ಲಿ ಹೆಂಗಸರ ಫೋಟೊ ಕಡ್ಡಾಯವಿರಲಿಲ್ಲ. ಆ ಸಡಿಲಿಕೆ ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ನೋಂದಣಿಯೇ ಆಗುತ್ತಿರಲಿಲ್ಲ. ಇದ್ದದ್ದರಿಂದ ಒಬ್ಬರ ಕಾರ್ಡು ಇನ್ನೊಬ್ಬರ ಕೈಗೆ ಹೋಗುವ ದಾರಿಯೂ ತೆರೆಯಿತು. ತರಬೇತಿಯಲ್ಲಿ ಇದನ್ನೇ ನಾಟಕದಂತೆ ಆಡಿಸಿದೆ: ಒಬ್ಬಳು ಅತ್ತೆ, ಸೊಸೆಯಂದಿರ ನಾಲ್ಕು ಕಾರ್ಡು ಹಿಡಿದು ಬರುತ್ತಾಳೆ, ನೀವು ಏನು ಹೇಳುತ್ತೀರಿ? ಅತ್ತೆಯ ಪಾತ್ರಕ್ಕೆ ಪೈಪೋಟಿ ಬಿತ್ತು. ಮತದಾನದ ದಿನ ಅಂಥ ಅತ್ತೆಯೊಬ್ಬರು ಬಂದೇಬಂದರು. “ಸೊಸೆಯಂದಿರ ಬೆರಳನ್ನೂ ತಂದಿದ್ದೀರಾ, ಶಾಯಿ ಹಚ್ಚಬೇಕಲ್ಲ?” ಎಂದು ಕೇಳಿ ಮಾಲೇಮ್ ಸಾಹೇಬ್ ವಾಪಸ್ ಕಳಿಸಿದರು. ಸಂಜೆಯೊಳಗೆ ಸೊಸೆಯರಲ್ಲಿ ಇಬ್ಬರು ಬಂದು ವೋಟು ಹಾಕಿದರು.

ಹೆರಾತ್‌ನಲ್ಲಿ ಗಂಡಸರನ್ನೆಲ್ಲ ಹಿಂದಿಕ್ಕಿ ಅತಿ ಹೆಚ್ಚು ಮತ ಪಡೆದದ್ದು ಫೌಜಿಯಾ ಗೈಲಾನಿ ಎಂಬ ಹೆಂಗಸು. ಮೀಸಲಾತಿಯ ಹಂಗೇ ಬೇಕಾಗಲಿಲ್ಲ.

ತರಬೇತಿಯ ಕಾಗದಗಳನ್ನು ಹದಿನಾರು ವರ್ಷ ಜೋಪಾನ ಮಾಡಿದ್ದೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದ ವಾರ, ಹೆಸರು ಮತ್ತು ವಿಳಾಸ ಇದ್ದ ಹಾಳೆಗಳನ್ನು ಮಾತ್ರ ಹುಡುಕಿ ತೆಗೆದು ಸುಟ್ಟೆ.