ಕ್ಯಾನ್ಸರ್ ಹರಡುವ ಮಾದರಿ: ಮೊದಲು ನೀರು, ಆಮೇಲೆ ರಾಗಿ

ಮಂಡ್ಯ ಜಿಲ್ಲೆಯ ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ನಾನು ನೋಡಿದ ಕ್ಯಾನ್ಸರ್ ಮಾದರಿಗಳೆಲ್ಲ ಹೆಚ್ಚುಕಡಿಮೆ ಒಂದೇ: ಥರ್ಮೋಕೋಲ್ ಮೇಲೊಂದು ಕೆಂಪು ಉಂಡೆ, ಅಲ್ಲಿಂದ ಶ್ವಾಸಕೋಶಕ್ಕೊಂದು ಬಾಣ. ಜೀವಕೋಶ ರಕ್ತದಲ್ಲಿ ತೇಲಿಹೋಗಿ ಸಿಕ್ಕಲ್ಲಿ ಕೂತುಬಿಡುತ್ತದೆ ಅಂತ ಮಕ್ಕಳು ಹೇಳುತ್ತಾರೆ. ಆದರೆ ಹಾಗೆ ಹೊರಟ ಕೋಶಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತವೆ. ನೆಲ ಹದವಾಗಿದ್ದರಷ್ಟೇ ಬೇರು ಬಿಡುತ್ತವೆ. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ದಾಖಲೆ ನೋಡಿ ಕೋಶ ಬೀಜ, ಅಂಗ ಮಣ್ಣು ಎಂಬ ಹೋಲಿಕೆ ಕೊಟ್ಟರು. ನಮ್ಮ ಮಕ್ಕಳಿಗೆ ಆ ಭಾಷೆ ಮನೆಯದೇ.

ಹಂತ 1: ಪ್ಲೈವುಡ್ ಹಲಗೆ ತನ್ನಿ. ಥರ್ಮೋಕೋಲ್ ಬೇಡವೇ ಬೇಡ, ಸ್ಪ್ರೇ ಪೇಂಟ್ ತಾಗಿದರೆ ಕರಗಿ ಗುಂಡಿ ಬೀಳುತ್ತದೆ.

ಹಂತ 2: ಒಂದು ತುದಿಯಲ್ಲಿ ಎತ್ತರವಾಗಿ ಜೇಡಿಮಣ್ಣಿನ ಗಡ್ಡೆ, ಅದರ ಮೇಲೆ ಕೆಂಪು ನೀರಿನ ಬಟ್ಟಲು. ಇನ್ನೊಂದು ತುದಿಯಲ್ಲಿ ಒಣಮಣ್ಣಿನ ಎರಡು ತಟ್ಟೆ, ಶ್ವಾಸಕೋಶ ಮತ್ತು ಲಿವರ್. ನೀರಿಗೆ ಮಿಠಾಯಿ ಬಣ್ಣ ಹಾಕಿ. ಅರಿಶಿನ ಕದಡಿದರೆ ಪೈಪಿನಲ್ಲಿ ಗಷ್ಟು ಕಟ್ಟುತ್ತದೆ.

ಹಂತ 3: ಎಲ್ಲರೂ ಎಡವುವುದು ಇಲ್ಲೇ. ಕ್ಯಾನ್ಸರ್ ಗಡ್ಡೆಯ ಕೋಶಗಳು ತಾವು ಹೊರಡುವ ಮುಂಚೆಯೇ ಎಕ್ಸೋಸೋಮ್ ಎಂಬ ಪುಟ್ಟ ಚೀಲಗಳನ್ನು ಕಳಿಸುತ್ತವೆ. ಗಾತ್ರ 30ರಿಂದ 150 ನ್ಯಾನೋಮೀಟರ್. ಕೋಶ ಫುಟ್‌ಬಾಲ್‌ನಷ್ಟಿದ್ದರೆ ಇದು ಸಾಸಿವೆಕಾಳು. ಒಳಗಿನ ಪ್ರೋಟೀನು, ಆರ್‌ಎನ್‌ಎ (ಕೋಶದ ಸಂದೇಶ ಹೊರುವ ಅಣು) ದೂರದ ಅಂಗದ ಕೋಶಗಳಿಗೆ ಸುದ್ದಿ ಮುಟ್ಟಿಸಿ, ರಕ್ತನಾಳದ ಗೋಡೆ ಸಡಿಲಿಸಿ ಜಾಗ ಹದ ಮಾಡುತ್ತವೆ. ಯಾವ ಅಂಗಕ್ಕೆ ಎಂಬುದಕ್ಕೆ ಚೀಲದ ಮೇಲಿನ ಇಂಟೆಗ್ರಿನ್ ಪ್ರೋಟೀನೇ ವಿಳಾಸ ಎಂದು 2015ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು.

ಬಟ್ಟಲಿನ ಕೆಂಪು ನೀರೇ ಈ ಚೀಲಗಳು. ಇದನ್ನು ತೋರಿಸಲು ಬಟ್ಟಲಿನಿಂದ ಶ್ವಾಸಕೋಶದ ತಟ್ಟೆಗೆ ಮಾತ್ರ ಅಕ್ವೇರಿಯಂ ಪೈಪ್ ಎಳೆಯಿರಿ. ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ ಸಲೈನ್ ಪೈಪನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಬಟ್ಟೆ ಕ್ಲಿಪ್ ಸಿಕ್ಕಿಸಿ ಹನಿಹನಿಯಾಗಿ ಎರಡು ದಿನ ಬಿಡಿ. ಮಣ್ಣು ಹಿಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಸೋರಬಾರದು. ಸೋರಿದರೆ ರಾಗಿ ಕೊಳೆಯುತ್ತದೆ. ಮೂರನೇ ದಿನ ಎರಡೂ ತಟ್ಟೆಗೆ ಒಂದೊಂದು ಚಿಟಿಕೆ ರಾಗಿ ಉದುರಿಸಿ ತೆಳ್ಳಗೆ ಮಣ್ಣು ಮುಚ್ಚಿ. ಈ ರಾಗಿಯೇ ಕ್ಯಾನ್ಸರ್ ಕೋಶ. ಅವಸರಕ್ಕೆ ಮೊದಲೇ ರಾಗಿ ಚೆಲ್ಲಿ ಆಮೇಲೆ ನೀರು ಬಿಟ್ಟರೆ ಮಾದರಿ ಮಾಡಿದ್ದೇ ವ್ಯರ್ಥ. ನಾಲ್ಕೈದು ದಿನದಲ್ಲಿ ಶ್ವಾಸಕೋಶದ ತಟ್ಟೆ ಹಸಿರಾಗುತ್ತದೆ, ಲಿವರ್ ತಟ್ಟೆಯ ರಾಗಿ ಹಾಗೇ ಬಿದ್ದಿರುತ್ತದೆ.

ಹಂತ 4: ‘ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಒಮ್ಮೆ ಮಾದರಿ ನೋಡುತ್ತಿದ್ದ ತಾಯಿಯೊಬ್ಬರು, “ಹಂಗಾದ್ರೆ ನಮ್ಮತ್ತೆ ತಟ್ಟೆ-ಲೋಟ ಬೇರೆ ಇಡ್ಬೇಕಾ ಮೇಷ್ಟ್ರೇ?” ಎಂದರು. ಈ ಸುದ್ದಿ ಓಡಾಡುವುದು ಅವರ ದೇಹದೊಳಗಷ್ಟೇ, ಜೊತೆಗೆ ಕೂತು ಉಣ್ಣಿ ತಾಯಿ ಎಂದೆ. ಅಂದಿನಿಂದ ಈ ಸಾಲಿಲ್ಲದೆ ಮಾದರಿ ಇಡಿಸಿಲ್ಲ.

ಮೈಸೂರಿಗೆ ಬಸ್ಸಿನಲ್ಲಿ ಒಯ್ಯುವುದಾದರೆ ಪೈಪ್ ಕಳಚಿ, ಪೈರಿನ ತಟ್ಟೆಯನ್ನು ತೊಡೆಯ ಮೇಲೇ ಇಟ್ಟುಕೊಳ್ಳಿ.