ಗ್ರಾಫಿನ ಏರಿಳಿತಕ್ಕೆ ಇಂಗ್ಲಿಷ್ ಪದಗಳು: ಐಇಎಲ್‌ಟಿಎಸ್ ಟಾಸ್ಕ್ 1 ತಯಾರಿ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಅಕಾಡೆಮಿಕ್ ವಿಧದಲ್ಲಿ ರೈಟಿಂಗ್ ಭಾಗಕ್ಕೆ ಒಟ್ಟು 60 ನಿಮಿಷ. ಅದರಲ್ಲಿ ಸುಮಾರು 20 ನಿಮಿಷ ಟಾಸ್ಕ್ 1ಕ್ಕೆ. ಕನಿಷ್ಠ 150 ಪದ ಬರೆಯಬೇಕು. ಪ್ರಬಂಧ ಬರೆಯುವ ಟಾಸ್ಕ್ 2ರ ತೂಕ ಇದರ ಎರಡರಷ್ಟು, ಹಾಗಾಗಿ ಇಲ್ಲಿ ಅರ್ಧ ಗಂಟೆ ಕಳೆದವರು ಅಲ್ಲಿ ದಂಡ ತೆರುತ್ತಾರೆ. ಟಾಸ್ಕ್ 1ರಲ್ಲಿ ಲೈನ್ ಗ್ರಾಫ್, ಬಾರ್ ಚಾರ್ಟ್, ಪೈ ಚಾರ್ಟ್, ಟೇಬಲ್ ಬರುತ್ತವೆ. ಕೆಲವೊಮ್ಮೆ ನಕ್ಷೆ ಅಥವಾ ಪ್ರಕ್ರಿಯೆಯ ಚಿತ್ರ. ಅದರಲ್ಲಿ ಕಂಡದ್ದನ್ನು ಇಂಗ್ಲಿಷಿನಲ್ಲಿ ವರದಿ ಮಾಡಬೇಕು. ಪರೀಕ್ಷೆಯ ಇನ್ನೊಂದು ವಿಧವಾದ ಜನರಲ್ ಟ್ರೈನಿಂಗ್ ಬರೆಯುವವರಿಗೆ ಟಾಸ್ಕ್ 1 ಎಂದರೆ ಪತ್ರ, ಅವರಿಗೆ ಇದು ಬೇಕಿಲ್ಲ.

ತಯಾರಿಗೆ ಕೂತವರಲ್ಲಿ ಬಹಳಷ್ಟು ಮಂದಿ ‘ಏರಿತು’ ಎನ್ನಲು 40 ಪದ, ‘ಇಳಿಯಿತು’ ಎನ್ನಲು 40 ಪದ ಉರುಹೊಡೆಯುತ್ತಾರೆ. ಅಂಕ ಸೋರುವ ಜಾಗ ಬೇರೆಯೇ ಇದೆ. ಒಂದು, ಪದದ ಪಕ್ಕದ ಟು, ಬೈ, ಆಫ್, ಇನ್ ಅದಲುಬದಲಾಗುತ್ತವೆ. ಇನ್ನೊಂದು, ಸಣ್ಣ ಸಂಖ್ಯೆಗೆ ದೊಡ್ಡ ಪದ ಕೂರುತ್ತದೆ.

ಅಭ್ಯಾಸಕ್ಕೆ ಎದುರಿಗೆ ಒಂದು ಅಂಕಿಸಾಲು ಇರಲಿ. ಜನಗಣತಿಯ ಲಿಂಗಾನುಪಾತ, ಅಂದರೆ 1,000 ಪುರುಷರಿಗೆ ಎಷ್ಟು ಮಹಿಳೆಯರು ಎಂಬ ಲೆಕ್ಕ ಇದಕ್ಕೆ ಚೆನ್ನಾಗಿ ಒದಗುತ್ತದೆ.

ವರ್ಷ: 1951, 1961, 1971, 1981, 1991, 2001, 2011
ಭಾರತ: 946, 941, 930, 934, 927, 933, 943
ಕರ್ನಾಟಕ: 966, 959, 957, 963, 960, 965, 973

ವಿಭಕ್ತಿ ಪ್ರತ್ಯಯವೇ ಕೈಮರ

ಟು ಯಾವಾಗ, ಬೈ ಯಾವಾಗ ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ ಅದೇ ಮಾತನ್ನು ಕನ್ನಡದಲ್ಲಿ ಹೇಳಿ ನೋಡಿ. ಭಾರತದ ಅನುಪಾತ 1971ರ ಹೊತ್ತಿಗೆ ‘930ಕ್ಕೆ ಇಳಿಯಿತು’. ಆ ‘ಕ್ಕೆ’ ಬಂದ ಕಡೆ ಇಂಗ್ಲಿಷಿನಲ್ಲಿ ‘ಟು’: ‘ಫೆಲ್ ಟು 930’. ಅದನ್ನೇ ‘16ರಷ್ಟು ಇಳಿಯಿತು’ ಎಂದರೆ ‘ಅಷ್ಟು’ ಇದ್ದ ಕಡೆ ‘ಬೈ’: ‘ಫೆಲ್ ಬೈ 16’. ‘946ರಿಂದ’ ಎಂದರೆ ‘ಫ್ರಮ್ 946’. ಟು ಮತ್ತು ಬೈ ಅದಲುಬದಲಾದರೆ ವ್ಯಾಕರಣದ ಜೊತೆ ಅಂಕಿಯೂ ಕೆಡುತ್ತದೆ: 20 ಇದ್ದದ್ದು ‘ರೋಸ್ ಬೈ 30’ ಎಂದರೆ 50 ಆಯಿತು, ‘ರೋಸ್ ಟು 30’ ಎಂದರೆ 30 ಅಷ್ಟೇ.

‘ಅಲ್ಲಿ’ ಪ್ರತ್ಯಯ ಮಾತ್ರ ಎರಡಾಗಿ ಒಡೆಯುತ್ತದೆ. ವರ್ಷದ ಜೊತೆ ಬಂದರೆ ‘ಇನ್’, ಮಟ್ಟದ ಜೊತೆ ಬಂದರೆ ‘ಅಟ್’. ‘ಸ್ಟುಡ್ ಅಟ್ 966 ಇನ್ 1951’ ಎಂಬ ತುಂಡಿನಲ್ಲಿ ಎರಡೂ ಇವೆ. ಗ್ರಾಫಿನ ಮೊದಲ ಬಿಂದುವನ್ನು ಹೇಳಲು ಇದಕ್ಕಿಂತ ಸಲೀಸಾದ ದಾರಿಯಿಲ್ಲ.

‘ನಡುವೆ’ ಬಂದರೆ ‘ಬಿಟ್ವೀನ್’, ಅದರ ಜೋಡಿ ‘ಆ್ಯಂಡ್’. 1971ರಿಂದ 2001ರವರೆಗೆ ಭಾರತದ ಸಾಲು ‘ಫ್ಲಕ್ಚುಯೇಟೆಡ್ ಬಿಟ್ವೀನ್ 927 ಆ್ಯಂಡ್ 934’. ‘ಬಿಟ್ವೀನ್ 927 ಟು 934’ ತಪ್ಪು. ಮಾತಿನಲ್ಲಿ ಎಲ್ಲರೂ ಹಾಗೆಯೇ ಹೇಳುವುದರಿಂದ ಬರೆಯುವಾಗ ಕಣ್ಣಿಗೆ ಬೀಳುವುದೇ ಇಲ್ಲ.

ಕ್ರಿಯಾಪದ ನಾಮಪದವಾದ ಕೂಡಲೇ ಈ ಜೊತೆಗಾರರು ಬದಲಾಗುತ್ತಾರೆ. ಎಷ್ಟರ ಏರಿಕೆ ಎಂಬುದಕ್ಕೆ ‘ಆಫ್’, ಯಾವುದರಲ್ಲಿ ಏರಿಕೆ ಎಂಬುದಕ್ಕೆ ‘ಇನ್’. 2001ರಿಂದ 2011ರ ನಡುವೆ ಭಾರತದಲ್ಲಿ ಆದದ್ದು ‘ಆ್ಯನ್ ಇನ್‌ಕ್ರೀಸ್ ಆಫ್ 10 ಇನ್ ದ ಸೆಕ್ಸ್ ರೇಷಿಯೊ’.

ರೈಸ್ ಮತ್ತು ರೇಯ್ಸ್ ಗೊಂದಲಕ್ಕೂ ಕನ್ನಡದಲ್ಲೇ ಮದ್ದಿದೆ: ರೈಸ್ ಎಂದರೆ ಏರು, ರೇಯ್ಸ್ ಎಂದರೆ ಏರಿಸು. ಸಾಲು ತಾನಾಗಿ ಏರುತ್ತದೆ. ಸರ್ಕಾರ ತೆರಿಗೆಯನ್ನು ಏರಿಸುತ್ತದೆ. ಇನ್‌ಕ್ರೀಸ್ ಎರಡೂ ಕೆಲಸ ಮಾಡುತ್ತದೆ. ಆದರೆ ‘ಏರಿಕೆಯಾಯಿತು’ ಎಂಬ ನಮ್ಮ ರೂಢಿಯಿಂದ ‘ವಾಸ್ ಇನ್‌ಕ್ರೀಸ್ಡ್’ ಎಂದು ಬರೆದರೆ ಯಾರೋ ಬೇಕೆಂದೇ ಏರಿಸಿದರು ಎಂಬ ಅರ್ಥ ಬರುತ್ತದೆ. ‘ಇನ್‌ಕ್ರೀಸ್ಡ್’ ಅಷ್ಟೇ ಸಾಕು.

ಕನ್ನಡ ಕೈಕೊಡುವ ಜಾಗಗಳೂ ಇವೆ. ಪತ್ರಿಕೆಗಳಲ್ಲಿ ‘2011ರಲ್ಲಿ ಏರಿದೆ’ ಎಂದು ದಿನಾ ಓದುತ್ತೇವೆ, ಅದೇ ಜಾಡಿನಲ್ಲಿ ‘ಹ್ಯಾಸ್ ರಿಸನ್ ಇನ್ 2011’ ಎಂದು ಕೈ ಓಡುತ್ತದೆ. ಮುಗಿದ ವರ್ಷ ಹೇಳಿದ ಮೇಲೆ ಸರಳ ಭೂತಕಾಲವೇ ಬೇಕು: ‘ರೋಸ್ ಇನ್ 2011’. ಗ್ರಾಫಿನಲ್ಲಿ ಮುಂದಿನ ವರ್ಷಗಳಿದ್ದರೆ ‘ಈಸ್ ಪ್ರೊಜೆಕ್ಟೆಡ್ ಟು ರೈಸ್’. ಹಾಗೆಯೇ ‘ಮಹಿಳೆಯರು ಕಡಿಮೆಯಾದರು’ ಎಂದರೆ ನಮಗೆ ತೊಂದರೆಯಿಲ್ಲ; ಇಂಗ್ಲಿಷಿನಲ್ಲಿ ಕಡಿಮೆಯಾಗುವುದು ‘ದ ನಂಬರ್ ಆಫ್ ವಿಮೆನ್’, ಅದರ ಕ್ರಿಯಾಪದ ಏಕವಚನ. ‘ಕಾರ್ಸ್ ರೋಸ್’ ಎಂದು ಬರೆದರೆ ಕಾರುಗಳು ಆಕಾಶಕ್ಕೆ ಹಾರಿದಂತೆ.

ಹದಿನೈದು ಪದ ಸಾಕು

ಮೇಲಕ್ಕೆ: ರೈಸ್, ಇನ್‌ಕ್ರೀಸ್, ಗ್ರೋ, ಕ್ಲೈಂಬ್. ಕೆಳಕ್ಕೆ: ಫಾಲ್, ಡಿಕ್ರೀಸ್, ಡಿಕ್ಲೈನ್, ಡ್ರಾಪ್. ಸಮತಟ್ಟಿಗೆ ‘ರಿಮೇನ್ ಸ್ಟೇಬಲ್’, ‘ಲೆವೆಲ್ ಆಫ್’ (ಈ ಆಫ್‌ಗೆ ಎಫ್ ಎರಡು). ಉಳಿದಂತೆ ಫ್ಲಕ್ಚುಯೇಟ್, ರಿಕವರ್, ‘ಪೀಕ್ ಅಟ್’, ‘ರೀಚ್ ಎ ಲೋ ಆಫ್’, ‘ಸ್ಟ್ಯಾಂಡ್ ಅಟ್’. ಇಷ್ಟನ್ನು ತಪ್ಪಿಲ್ಲದೆ ಬಳಸುವವರಿಗೆ ಪದ ಸಾಲದೆಂಬ ಭಯ ಬೇಡ. ಸ್ಕೈರಾಕೆಟ್‌ನಂಥವು ಪತ್ರಿಕೆಯ ತಲೆಬರಹಕ್ಕೆ ಸರಿ, ವರದಿಗೆ ಅಲ್ಲ.

ಇವುಗಳಲ್ಲಿ ಕೆಲವಕ್ಕೆ ತಮ್ಮದೇ ಷರತ್ತುಗಳಿವೆ. ‘ಲೆವೆಲ್ ಆಫ್’ ಹೇಳಬೇಕಾದರೆ ಅದಕ್ಕೆ ಮುಂಚೆ ಸಾಲು ಏರಿರಬೇಕು ಇಲ್ಲವೇ ಇಳಿದಿರಬೇಕು. ಮೊದಲಿನಿಂದ ಚಪ್ಪಟೆಯಾಗಿರುವ ಸಾಲಿಗೆ ‘ರಿಮೇನ್ಡ್ ಸ್ಟೇಬಲ್’. ‘ಪೀಕ್ಡ್’ ಎಂದರೆ ತುದಿ ಮುಟ್ಟಿ ಇಳಿಯಿತು ಎಂಬ ಧ್ವನಿಯಿದೆ. ಕರ್ನಾಟಕದ 973 ಸಾಲಿನ ಕೊನೆಯ ಬಿಂದು, ಮುಂದೇನಾಯಿತು ಎಂದು ಗ್ರಾಫ್ ಹೇಳುವುದಿಲ್ಲ. ಅಲ್ಲಿ ‘ರೀಚ್ಡ್ 973’ ಎನ್ನುವುದೇ ಜಾಣತನ. ಭಾರತದ 927ಕ್ಕೆ ಮಾತ್ರ ‘ರೀಚ್ಡ್ ಎ ಲೋ ಆಫ್ 927 ಇನ್ 1991’ ಧಾರಾಳವಾಗಿ ಹೇಳಬಹುದು, ಆಮೇಲೆ ಸಾಲು ಮೇಲೆದ್ದಿದೆ.

ಭೂತಕಾಲದ ರೂಪಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಸಲ ಬರೆದು ಕೈಗೆ ಹತ್ತಿಸಿಕೊಳ್ಳಿ. ಫಾಲ್‌ಗೆ ಫೆಲ್, ಫೆಲ್ಟ್ ಬೇರೆಯೇ ಪದ. ಗ್ರೋಗೆ ಗ್ರ್ಯೂ. ಡ್ರಾಪ್ಡ್ ಬರೆಯುವಾಗ ಪಿ ಎರಡು. ಪ್ಲಮೆಟೆಡ್ (ಧಡಾರನೆ ಕುಸಿಯಿತು) ಬಳಸುವ ಆಸೆಯಿದ್ದರೆ ಅದರಲ್ಲಿ ಎಂ ಎರಡು, ಟಿ ಒಂದೇ.

ಸಂಖ್ಯೆಯ ಅಳತೆಗೆ ಪದ

ಈಗ ಆ ಆಸೆಯ ವಿಷಯ. 1951ರಿಂದ 1991ರ ನಡುವೆ ಭಾರತದ ಅನುಪಾತ 946ರಿಂದ 927ಕ್ಕೆ ಇಳಿದಿದೆ. ಗ್ರಾಫಿನ ಲಂಬರೇಖೆ 920ರಿಂದ ಶುರುವಾಗಿ 980ಕ್ಕೆ ಮುಗಿದರೆ ಈ ಇಳಿತ ಜೋಗದ ಗುಂಡಿಯಂತೆ ಕಾಣುತ್ತದೆ. ಲೆಕ್ಕ ಹಾಕಿದರೆ 40 ವರ್ಷಕ್ಕೆ 19, ಅಂದರೆ ಸುಮಾರು ಶೇ 2. ‘ಪ್ಲಮೆಟೆಡ್’ ಇಲ್ಲಿ ಸುಳ್ಳು ವರದಿಯಾಗುತ್ತದೆ; ‘ಡಿಕ್ಲೈನ್ಡ್ ಸ್ಲೈಟ್ಲಿ’ ಸರಿ. ಪೆನ್ನು ಹಿಡಿಯುವ ಮುಂಚೆ ಲಂಬರೇಖೆಯ ಕೆಳತುದಿ ಸೊನ್ನೆಯೋ ಅಲ್ಲವೋ ನೋಡಿ.

ದೊಡ್ಡ ಪದಕ್ಕೆ ತಕ್ಕ ಸಂಖ್ಯೆ ಎಂದರೆ ಭಾರತದ ಜನಸಂಖ್ಯೆ. 1951ರಲ್ಲಿ 36.1 ಕೋಟಿ, 2011ರಲ್ಲಿ 121.1 ಕೋಟಿ. ಇಲ್ಲಿ ‘ಡ್ರಮ್ಯಾಟಿಕಲಿ’ ಹಾಕಬಹುದು, ಅದಕ್ಕಿಂತ ‘ಮೋರ್ ದ್ಯಾನ್ ಟ್ರಿಪಲ್ಡ್’ ಹೆಚ್ಚು ಖಚಿತ. ಕೋಟಿ ಎಂದರೆ ಪರೀಕ್ಷಕರಿಗೆ ತಿಳಿಯದು. ಒಂದು ಕೋಟಿ 10 ಮಿಲಿಯನ್. ಸಂಖ್ಯೆಯ ಮುಂದೆ ಬಂದಾಗ ‘361 ಮಿಲಿಯನ್’ ಎಂದೇ ಬರೆಯಬೇಕು, ‘ಮಿಲಿಯನ್ಸ್’ ಅಲ್ಲ.

ಶಾರ್ಪ್ಲಿ, ರ‍್ಯಾಪಿಡ್ಲಿ, ಗ್ರ್ಯಾಜುವಲಿ ವೇಗ ಹೇಳುತ್ತವೆ. ಸ್ಲೈಟ್ಲಿ, ಕನ್ಸಿಡರಬ್ಲಿ, ಸಿಗ್ನಿಫಿಕಂಟ್ಲಿ ಗಾತ್ರ ಹೇಳುತ್ತವೆ. ಸ್ಟೆಡಿಲಿ ಎಂದರೆ ಒಂದೇ ದಿಕ್ಕಿಗೆ, ಎಡವದೆ. 1991ರ ನಂತರದ ಕರ್ನಾಟಕಕ್ಕೆ ಅದು ಒಪ್ಪುತ್ತದೆ, 1951ರಿಂದ ಹಿಡಿದು ಹೇಳಿದರೆ ಒಪ್ಪುವುದಿಲ್ಲ.

ಬೆಳವಣಿಗೆ ದರದ ಗ್ರಾಫ್ ಬಂದರೆ ಇನ್ನಷ್ಟು ಎಚ್ಚರ ಬೇಕು. ಭಾರತದ ದಶಕದ ಜನಸಂಖ್ಯಾ ಬೆಳವಣಿಗೆ 1981–91ರಲ್ಲಿ ಶೇ 23.87, ಮುಂದಿನ ದಶಕದಲ್ಲಿ 21.54, ಅದರ ಮುಂದೆ ಸುಮಾರು 17.7. ಸಾಲು ಇಳಿಯುತ್ತಿದೆ, ಜನ ಹೆಚ್ಚುತ್ತಲೇ ಇದ್ದಾರೆ. ‘ದ ಪಾಪ್ಯುಲೇಷನ್ ಡಿಕ್ಲೈನ್ಡ್’ ಎಂದು ಬರೆದರೆ ಗ್ರಾಫನ್ನೇ ತಪ್ಪಾಗಿ ಓದಿದಂತೆ. ಶೇಕಡಾವಾರಿನದೂ ಇದೇ ಕಥೆ. ಕರ್ನಾಟಕದ ಸಾಕ್ಷರತೆ 2001ರಲ್ಲಿ ಶೇ 66.64, 2011ರಲ್ಲಿ ಶೇ 75.36. ಆದ ಏರಿಕೆ 8.72 ‘ಪರ್ಸೆಂಟೇಜ್ ಪಾಯಿಂಟ್ಸ್’. ‘ಪರ್ಸೆಂಟ್’ ಎಂದರೆ 66.64ರ ಮೇಲೆ ಲೆಕ್ಕ ಹಾಕಬೇಕು, ಆಗ ಅದು ಸುಮಾರು 13. ಎರಡರ ನಡುವೆ ತಡವರಿಸುವವರು ‘ಫ್ರಮ್ ಜಸ್ಟ್ ಅಂಡರ್ 67 ಟು ಜಸ್ಟ್ ಓವರ್ 75 ಪರ್ಸೆಂಟ್’ ಎಂದು ಬರೆದು ಪಾರಾಗಬಹುದು.

ಒಂದು ಮಾತು, ಮೂರು ಅಚ್ಚು

ಪದ ಬದಲಿಸುವುದಕ್ಕಿಂತ ವಾಕ್ಯದ ಅಚ್ಚು ಬದಲಿಸುವುದರಿಂದ ಬರಹಕ್ಕೆ ಹೆಚ್ಚು ಬಣ್ಣ ಬರುತ್ತದೆ. ಕರ್ನಾಟಕದ ಕೊನೆಯ 20 ವರ್ಷಗಳನ್ನೇ ತೆಗೆದುಕೊಳ್ಳಿ:

‘ದ ರೇಷಿಯೊ ರೋಸ್ ಸ್ಟೆಡಿಲಿ ಫ್ರಮ್ 960 ಇನ್ 1991 ಟು 973 ಇನ್ 2011.’
‘ದೇರ್ ವಾಸ್ ಎ ಸ್ಟೆಡಿ ರೈಸ್ ಇನ್ ದ ರೇಷಿಯೊ ಬಿಟ್ವೀನ್ 1991 ಆ್ಯಂಡ್ 2011.’
‘ದ ಪೀರಿಯಡ್ ಫ್ರಮ್ 1991 ಟು 2011 ಸಾ ಎ ಸ್ಟೆಡಿ ರೈಸ್ ಇನ್ ದ ರೇಷಿಯೊ.’

ಎರಡನೆಯ, ಮೂರನೆಯ ಅಚ್ಚಿನಲ್ಲಿ ಸ್ಟೆಡಿಲಿ ಹೋಗಿ ಸ್ಟೆಡಿ ಆಯಿತು, ಅದರ ಹಿಂದೆ ‘ಎ’ ಬಂತು. ಆರ್ಟಿಕಲ್ ಇಲ್ಲದ ಭಾಷೆಯಿಂದ ಹೋದ ನಾವು ಆ ‘ಎ’ ಬಿಡುವುದೇ ಹೆಚ್ಚು. ದಿನಕ್ಕೆ ಒಂದೇ ಅಂಕಿಸಾಲು, ಮೂರು ಅಚ್ಚಿನಲ್ಲೂ ಬರೆಯಿರಿ. ನೋಟ್‌ಬುಕ್ಕಿನಲ್ಲಿ ಬಿಡಿ ಪದ ಬರೆಯಬೇಡಿ. ‘ಪೀಕ್’ ಬದಲು ‘ಪೀಕ್ಡ್ ಅಟ್ 50 ಇನ್ 2005’ ಎಂದು ಬಾಲಸಮೇತ ಬರೆಯಿರಿ. ಎದುರು ಪುಟದಲ್ಲಿ ನಿಮ್ಮದೇ ತಪ್ಪು ವಾಕ್ಯಗಳು ಇರಲಿ.

ಇನ್ನು 20 ನಿಮಿಷದ ಹಂಚಿಕೆ: 3 ನಿಮಿಷ ಗ್ರಾಫ್ ಓದಲು, 14 ಬರೆಯಲು, 3 ತಿದ್ದಲು. ಪ್ರಶ್ನೆಯಲ್ಲಿ ಕಾಲವೇ ಇಲ್ಲದೆ ಒಂದೇ ವರ್ಷದ ಹೋಲಿಕೆಯಿದ್ದರೆ ಈ ಪದಗಳೆಲ್ಲ ಪಕ್ಕಕ್ಕೆ. ಭಾರತದಿಂದ ಚೀನಾಕ್ಕೆ ಏನೂ ‘ರೋಸ್’ ಆಗುವುದಿಲ್ಲ. ಪ್ರಶ್ನೆಯ ಸಾಲನ್ನು ಹಾಗೇ ನಕಲು ಮಾಡಿದರೆ ಆ ಪದಗಳು ಲೆಕ್ಕಕ್ಕಿಲ್ಲ. ಓವರ್‌ವ್ಯೂ, ಅಂದರೆ ಗ್ರಾಫಿನ ಮುಖ್ಯಾಂಶ ಹೇಳುವ ಮಾತು, ಇಲ್ಲದಿದ್ದರೆ ಕೇಳಿದ್ದನ್ನು ಪೂರೈಸಿದ್ದಕ್ಕೆ ಕೊಡುವ ಅಂಕವಾದ ಟಾಸ್ಕ್ ಅಚೀವ್‌ಮೆಂಟ್‌ನಲ್ಲಿ ಬ್ಯಾಂಡ್ 5ರ ಮಟ್ಟ ದಾಟುವುದು ಕಷ್ಟ. ಓವರ್‌ವ್ಯೂನಲ್ಲಿ ಸಂಖ್ಯೆ ಬೇಡ, ಒಟ್ಟು ಚಿತ್ರ ಸಾಕು: ‘ಓವರಾಲ್, ಬೋತ್ ರೇಷಿಯೋಸ್ ಫೆಲ್ ಇನ್ ದ ಫಸ್ಟ್ ಟ್ವೆಂಟಿ ಇಯರ್ಸ್ ಆ್ಯಂಡ್ ರಿಕವರ್ಡ್ ಆಫ್ಟರ್ 1991, ವಿತ್ ಕರ್ನಾಟಕ ರಿಮೇನಿಂಗ್ ಅಬೋವ್ ದ ನ್ಯಾಷನಲ್ ಫಿಗರ್ ಥ್ರೂಔಟ್.’ ಕೊನೆಯ 3 ನಿಮಿಷದಲ್ಲಿ ಇಡೀ ಉತ್ತರ ಮತ್ತೆ ಓದುವ ಬದಲು ಪ್ರತಿ ಸಂಖ್ಯೆಯ ಹಿಂದಿನ ಒಂದು ಪದ, ಪ್ರತಿ ‘ರೈಸ್’, ‘ಫಾಲ್’ ನಾಮಪದದ ಹಿಂದಿನ ‘ಎ’, ಇವೆರಡನ್ನೇ ಬೆರಳಿಟ್ಟು ನೋಡುತ್ತಾ ಹೋಗಿ.